ಎರಡು ಕಣ್ಣಿನ ಕ್ಯಾಮೆರಾ, ಏಳು ಫೋಟೊ

ಪ್ರೀತಿಯ ಗೆಳೆಯಾ,

ಮೂರು ತಿಂಗಳಿಂದ ನಿನ್ನ ತಲೆ ತಿಂದಿದ್ದು ಮುಗಿಯಿತು. ಮೇಲಿನ ಲೆನ್ಸಲ್ಲಿ ನೋಡಿ ಕೆಳಗಿನದರಲ್ಲಿ ಫೋಟೊ ತೆಗೆಯುವ ಹಳೇ ಫಿಲಂ ಕ್ಯಾಮೆರಾ ತಗೊಂಡೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಎಲ್ಲರೂ ಓದೋ ಹಾಗೆ ಬರೆಯುತ್ತಿದ್ದೇನೆ. ಛತ್ರಿ ವಿಷಯ ಎತ್ತಲ್ಲ, ಹೆದರಬೇಡ.

ಮೊದಲು ಕಣ್ಣಿದ್ದದ್ದು ರೋಲಿಫ್ಲೆಕ್ಸ್ ಮೇಲೆ. 1929ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹುಟ್ಟಿದ್ದು. ಬೆಲೆ ಕೇಳಿ ವಾಪಸಿಟ್ಟೆ. ಮಾಮಿಯಾ ಸಿ330ಕ್ಕೆ ಲೆನ್ಸ್ ಬದಲಾಯಿಸಬಹುದು, ಆದರೆ ದಿನವಿಡೀ ಕುತ್ತಿಗೆಗೆ ಹಾಕಿಕೊಂಡು ತಿರುಗುವ ತೂಕವಲ್ಲ. ಕೊನೆಗೆ ಯಾಶಿಕಾ ಮ್ಯಾಟ್ 124ಜಿ. 1970ರಲ್ಲಿ ಬಂದ ಮಾಡೆಲ್. 120 ಅನ್ನೋ ಅಗಲ ಫಿಲಂನ ಒಂದು ರೋಲಿಗೆ 12 ಚೌಕ ಫೋಟೊ. ಸಾಗರದಲ್ಲಿ ಅಪ್ಪನ ಸ್ಟುಡಿಯೋದಲ್ಲಿ ಇದ್ದದ್ದೂ ಇದೇ.

ನೀನೂ ತಗೊಳ್ಳೋದಾದರೆ ಟಾರ್ಚ್ ತಗೊಂಡು ಹೋಗು. ಲೆನ್ಸಿನೊಳಗೆ ಬೆಳಕು ಬಿಟ್ಟು ಫಂಗಸ್, ಅಂದರೆ ಬೂಷ್ಟು, ಇದೆಯಾ ನೋಡು. ನಮ್ಮ ಮಳೆಗಾಲಕ್ಕೆ ಹೆದರಿ ಅಪ್ಪ ಕ್ಯಾಮೆರಾ ಬೀರುವಿನೊಳಗೆ ಸಣ್ಣ ಬಲ್ಬ್ ಹಗಲೂ ರಾತ್ರಿ ಉರಿಸುತ್ತಿದ್ದರು. ಆಮೇಲೆ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತು. ಸರ್‍ರ್ ಅಂತ ಪೂರ್ತಿ ಓಡಬೇಕು, ಮಧ್ಯೆ ನಿಂತರೆ ರಿಪೇರಿ ಖರ್ಚು ಸೇರಿಸಿಕೊಂಡು ಚೌಕಾಸಿ ಮಾಡು. ಸೆಲ್ಫ್ ಟೈಮರ್ ಮುಟ್ಟಲೇಬೇಡ, ಹಳೇ ಕ್ಯಾಮೆರಾದಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತೆ. ಬೆಳಕು ಅಳೆಯುವ ಮೀಟರನ್ನು ನಂಬಬೇಡ. ಅದಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. ಬ್ಯಾಟರಿ ಇಲ್ಲದಿದ್ದರೂ ಶಟರ್ ನಡೆಯುತ್ತೆ.

ಲೆನ್ಸಿನ ಮುಂದೆ ಸಿಕ್ಕಿಸುವ ಫಿಲ್ಟರ್, ಹುಡ್ ಎಲ್ಲ ಬೇ 1 ಅನ್ನೋ ಅಳತೆಯವೇ ಆಗಬೇಕು. ಬೇ 2, ಬೇ 3 ಬೇರೆ ರೋಲಿಫ್ಲೆಕ್ಸ್‌ಗಳಿಗೆ, ಇದಕ್ಕೆ ಕೂರುವುದಿಲ್ಲ. ಈ ಕ್ಯಾಮೆರಾ ಸುಮಾರು ಒಂದು ಮೀಟರಿಗಿಂತ ಹತ್ತಿರ ಫೋಕಸ್ ಆಗಲ್ಲ. ಅದಕ್ಕೆ ಹತ್ತಿರದ ಫೋಟೊಗೆ ಲೆನ್ಸಿನ ಮುಂದೆ ಸಿಕ್ಕಿಸುವ ಬೇ 1ರ ರೋಲೈನಾರ್ 1 ಹುಡುಕಿ ತಗೊಂಡೆ. ಎರಡು ಗಾಜು. ಕೆಳಗಿನ ಲೆನ್ಸಿಗೆ ತೆಳ್ಳಗಿನದು, ಮೇಲಿನದಕ್ಕೆ ದಪ್ಪನೆಯದು, ಕೆಂಪು ಚುಕ್ಕೆ ಮೇಲೆ ಬರಬೇಕು. ನಾವು ನೋಡುವ ಕಣ್ಣು ಒಂದು, ಫೋಟೊ ತೆಗೆಯುವ ಕಣ್ಣು ಇನ್ನೊಂದು ಅಲ್ವಾ, ಹತ್ತಿರ ಹೋದಷ್ಟೂ ಅವೆರಡು ಬೇರೆ ಬೇರೆ ನೋಡುತ್ತವೆ. ಆ ದಪ್ಪ ಗಾಜು ಅದನ್ನು ಸರಿಮಾಡುತ್ತೆ.

ಇಷ್ಟು ಬರೆದು ನಿಲ್ಲಿಸಬೇಕು ಅಂತಿದ್ದೆ.

ರೋಲ್ ಹಾಕುವುದನ್ನು ತೋರಿಸಿಕೊಡುವಾಗ ರಿಪೇರಿಯವರು ಸುಮ್ನೆ ಒಂದು ಮಾತು ಹೇಳಿದರು. "ಅರ್ಧ ರೋಲಲ್ಲಿ ಹಿಂದಿನ ಬಾಗಿಲು ತೆರೆದುಹೋದ್ರೆ ಗಾಬರಿ ಬೀಳ್ಬೇಡಿ. ತಕ್ಷಣ ಮುಚ್ಚಿಬಿಡಿ. ಫಿಲಂ ಬೆನ್ನಿಗೆ ಕಾಗದ ಇದೆ. ಸುತ್ತಿಕೊಂಡಿರೋದು ಜಾಸ್ತಿ ಉಳಿಯುತ್ತೆ." ನಾನು ಹೂಂ ಅಂದೆ. ಕೈ ತಣ್ಣಗಾಗಿತ್ತು.

ಅಪ್ಪನ ಕ್ಯಾಮೆರಾ ಮಾರಿದ್ದು ನಾನು. ಡಿಜಿಟಲ್ ತಗೊಳ್ಳೋಕೆ ದುಡ್ಡು ಕಡಿಮೆ ಬಿದ್ದಿತ್ತು. ಕೇಳಿದೆ, "ಆಗ್ಲಿ" ಅಂದರು. ಮೆತ್ತನೆ ಬಟ್ಟೆ ತಂದು ಜಗಲಿಯಲ್ಲಿ ಕೂತು ಒರೆಸತೊಡಗಿದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಕೈಯಿಂದ ತಗೊಂಡು, ಒಳಗೆ ಸರಿ ಇದೆಯಾ ಅಂತ ಬಾಗಿಲು ತೆರೆದೆ. ಕಾಗದ ಕಂಡಿತು. ಯಾವುದೋ ಹಳೇ ರೋಲ್ ಅಂದುಕೊಂಡು ಹಗಲು ಬೆಳಕಿನಲ್ಲಿ ಎಳೆದು ಬಿಚ್ಚಿದೆ. ಅಪ್ಪ ಕೈ ಚಾಚಿದ್ದರು, ಅಷ್ಟರಲ್ಲಿ ಆಗಿಹೋಗಿತ್ತು. "ಏಳು ತೆಗೆದಿದ್ದೆ" ಅಂದರು. ಆಮೇಲೆ, "ಹೋಗ್ಲಿ ಬಿಡು."

ಯಾರ ಫೋಟೊ ಅಂತ ನಾನು ಕೇಳಲಿಲ್ಲ. ಆಮೇಲೆ ಅವರು ಇನ್ನೂ ನಾಲ್ಕು ವರ್ಷ ಇದ್ದರು, ಆಗಲೂ ಕೇಳಲಿಲ್ಲ. ಬಾಗಿಲು ತೆಗೆದಾಗಲೇ ಎಲ್ಲ ಹಾಳಾಗಿತ್ತು, ಎಳೆದಿದ್ದರಿಂದ ಏನೂ ಆಗಲಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅಮ್ಮನಿಗೂ ಇದು ಗೊತ್ತಿಲ್ಲ. ಮೂರು ತಿಂಗಳು ನಿನ್ನ ಜೊತೆ ಲೆನ್ಸು, ಬೆಲೆ ಅಂತೆಲ್ಲ ಮಾತಾಡಿದೆ. ಆದರೆ ಪ್ರತಿ ಅಂಗಡಿಯಲ್ಲೂ ಮೊದಲು ನೋಡಿದ್ದು ಮುಚ್ಚಳದ ಒಳಭಾಗ. ಅಪ್ಪ ಅಲ್ಲಿ ಬಿಳಿ ಪೇಂಟಿನಲ್ಲಿ ಸ್ಟುಡಿಯೋ ಹೆಸರು ಬರೆದಿದ್ದರು.

ಸಿಗಲಿಲ್ಲ. ಇದು ಬೇರೆ ಕ್ಯಾಮೆರಾ, ಒಳ್ಳೇ ಕ್ಯಾಮೆರಾ.

ಆಯ್ತು, ಸಾಕು. ಭಾನುವಾರ ಬಾ. ಇದರ ನೋಡುವ ಗಾಜಿನಲ್ಲಿ ಎಡ ಬಲ ಅದಲು ಬದಲು ಕಾಣುತ್ತೆ, ಬಲಕ್ಕೆ ಸರಿ ಅಂದರೆ ಎಡಕ್ಕೆ ಸರಿಯುವ ನಿನ್ನಂಥವನೇ ಬೇಕು. ಐದು ತೆಗೆದಿದ್ದೇನೆ, ಏಳು ಉಳಿದಿವೆ. ಒಂದರಲ್ಲಿ ಅಮ್ಮನನ್ನೂ ನಿನ್ನನ್ನೂ ಜಗಲಿ ಮೇಲೆ ಕೂರಿಸಬೇಕು. ಛತ್ರಿ ಮರೆಯಬೇಡ.

ನಿನ್ನವನೇ