ಗಂಟೆಯ ದನಿ ಹಲಗೆಯಲ್ಲಿದೆ

ದಾವಣಗೆರೆ

ಚಿ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಇಳಿದಿದೆ. ನಿನ್ನ ಕಾಗದ ತಲುಪಿತು. ಚಿತ್ರದುರ್ಗದಲ್ಲಿ ಅಂಗಡಿ ತೆಗೆದಾಗಿನಿಂದ ಕೈಗಡಿಯಾರಕ್ಕೆ ಸೆಲ್ ಹಾಕುವುದೇ ಕೆಲಸವಾಗಿದೆ ಎಂದು ಬೇಸರಪಟ್ಟಿದ್ದೆ. ಈಗ ಗಂಟೆ ಹೊಡೆಯುವ ಹಳೇ ಗೋಡೆ ಗಡಿಯಾರವೊಂದು ನಿನ್ನ ಮೇಜಿಗೆ ಬಂದಿದೆ ಎಂದು ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಕಾಗದದ ಕೊನೆಗೆ ನೀನು ಬರೆದ ಮಾತು ಓದಿ ಕೂಡಲೇ ಪೆನ್ನು ಹಿಡಿದೆ. ಗಡಿಯಾರದ ಮನೆಯವರು "ದನಿ ಸತ್ತಿದೆ, ಗಾಂಗ್ (ಸುತ್ತಿಗೆ ಬಡಿದಾಗ ಮೊಳಗುವ ಉಕ್ಕಿನ ಸುರುಳಿ ಇಲ್ಲವೇ ಕಡ್ಡಿ) ಬದಲಿಸಿ" ಅಂದರು, ಅದಕ್ಕೆ ಬೇರೆ ಗಾಂಗ್ ತರಿಸಿ ಸುತ್ತಿಗೆಯನ್ನೂ ಸ್ವಲ್ಪ ಭಾರದ್ದು ಹಾಕುತ್ತೇನೆ ಅಂದಿದ್ದೀಯ. ಸದ್ಯಕ್ಕೆ ಎರಡನ್ನೂ ಮಾಡಬೇಡ ತಾಯಿ. ನನ್ನ ಮೇಜಿಗೆ ದನಿ ಸತ್ತಿದೆ ಎಂದು ಬಂದ ಗಡಿಯಾರಗಳಲ್ಲಿ ಗಾಂಗೇ ಕೆಟ್ಟಿದ್ದು ತೀರಾ ಅಪರೂಪ. ಗಾಂಗ್ ಕೂತ ಜಾಗ ಕೆಟ್ಟಿರುತ್ತದೆ, ಇಲ್ಲವೇ ಅದಕ್ಕೆ ಬಡಿಯುವ ಸುತ್ತಿಗೆ ಕೆಟ್ಟಿರುತ್ತದೆ.

ಮೊದಲು ಇದನ್ನು ಮಾಡಿ ನೋಡು. ಗಾಂಗನ್ನು ಅದರ ಬುಡ ಹಿಡಿದಿರುವ ಬ್ಲಾಕಿನ ಸಮೇತ ಪೆಟ್ಟಿಗೆಯಿಂದ ಬಿಚ್ಚು. ಬ್ಲಾಕನ್ನು ನಿಮ್ಮ ಮನೆಯ ತೇಗದ ಬಾಗಿಲಿಗೋ ಗಟ್ಟಿ ಮರದ ಮೇಜಿಗೋ ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿದು, ಗಾಂಗನ್ನು ಬ್ಲಾಕಿನ ಹತ್ತಿರವೇ ಪೆನ್ಸಿಲಿನ ಹಿಂಭಾಗದಿಂದ ಮೆಲ್ಲಗೆ ತಟ್ಟು. ಬಾಗಿಲು ತುಂಬಾ ದನಿ ಬಂದು ನಿಧಾನವಾಗಿ ಕರಗಿದರೆ ಗಾಂಗ್ ಚೆನ್ನಾಗಿದೆ, ದೋಷ ಪೆಟ್ಟಿಗೆಯದು. ಎಲ್ಲಿ ಒತ್ತಿದರೂ ದನಿ ತಟ್ಟನೆ ಕಡಿದುಹೋದರೆ ಮಾತ್ರ ಗಾಂಗನ್ನು ಅನುಮಾನಿಸು: ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿರಬಹುದು, ಅಥವಾ ಬ್ಲಾಕಿನೊಳಗಿನ ಹಿಡಿತ ಸಡಿಲವಾಗಿರಬಹುದು. ಭೂತಗನ್ನಡಿ ಹಿಡಿದು ಬುಡ ನೋಡು.

ಇದರ ಹಿಂದಿನ ಕಾರಣ ತಿಳಿದಿದ್ದರೆ ಮುಂದಿನ ಕೆಲಸವೆಲ್ಲ ಸಲೀಸು. ಸುರುಳಿ ಗಾಂಗಾಗಲಿ ಕಡ್ಡಿ ಗಾಂಗಾಗಲಿ, ಅದು ತೆಳ್ಳನೆಯ ಲೋಹ. ಎಷ್ಟು ನಡುಗಿದರೂ ಗಾಳಿಯನ್ನು ತಳ್ಳುವಷ್ಟು ಅಗಲ ಅದಕ್ಕಿಲ್ಲ. ತತ್ವಪದ ಹಾಡುವವರ ತಂಬೂರಿ ನೋಡಿದ್ದೀಯಲ್ಲ, ತಂತಿ ಮೀಟಿದ್ದು ಕುದುರೆಯ (ತಂತಿ ಕೂರುವ ತುಂಡಿನ) ಮೂಲಕ ಬುರುಡೆಗೆ ಇಳಿದ ಮೇಲೆಯೇ ಅದು ಜಗಲಿಯವರೆಗೆ ಕೇಳುವುದು. ಇಲ್ಲಿ ಆ ಕುದುರೆಯ ಕೆಲಸ ಬ್ಲಾಕಿನದು, ಬುರುಡೆಯ ಕೆಲಸ ಹಿಂಬದಿ ಹಲಗೆಯದು.

ಲೆಕ್ಕವನ್ನೂ ಹೇಳುತ್ತೇನೆ, ನೀನು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು. ಒಂದು ತುದಿ ಬಿಗಿದ, ಬುಡದಿಂದ ತುದಿಯವರೆಗೆ ಒಂದೇ ದಪ್ಪವಿರುವ ಕಡ್ಡಿಯನ್ನು ಬಡಿದರೆ ಅದರ ಸ್ವರಗಳು 1, 2, 3 ಎಂದು ಏರುವುದಿಲ್ಲ. ಮೂಲ ಸ್ವರ 1 ಆದರೆ ಮುಂದಿನದು ಸುಮಾರು 6.27, ಅದರ ಮುಂದಿನದು ಸುಮಾರು 17.5. 30 ಸೆಂ.ಮೀ. ಉದ್ದ, 4 ಮಿ.ಮೀ. ದಪ್ಪದ ಉಕ್ಕಿನ ಕಡ್ಡಿಗೆ ಮೂಲ ಸ್ವರ ಸೆಕೆಂಡಿಗೆ ಸುಮಾರು 30 ಕಂಪನ ಮಾತ್ರ. ಅಷ್ಟು ತಗ್ಗಿನ ಸ್ವರವನ್ನು ಗಡಿಯಾರದ ಸಣ್ಣ ಹಲಗೆ ಹೊರಡಿಸಲಾರದು, ನಮ್ಮ ಕಿವಿಯೂ ಅದನ್ನು ಸರಿಯಾಗಿ ಹಿಡಿಯಲಾರದು. ನಾವು "ಗಂಟೆಯ ದನಿ" ಅನ್ನುವುದು ಅದರ ಮೇಲಿನ, 190ರ ಆಸುಪಾಸಿನ ಮತ್ತು 500 ದಾಟಿದ ಸ್ವರಗಳ ಕೂಟವನ್ನು. ಆ ಕೂಟದಲ್ಲಿ ಯಾವುದು ಮುಂದೆ ಬರುತ್ತದೆ, ಯಾವುದು ಹಿಂದೆ ನಿಲ್ಲುತ್ತದೆ ಎನ್ನುವುದನ್ನು ಹಲಗೆಯೂ ಸುತ್ತಿಗೆಯ ಮೂತಿಯೂ ಸೇರಿ ತೀರ್ಮಾನಿಸುತ್ತವೆ. ಅದೇ ಗಾಂಗನ್ನು ಬೇರೆ ಪೆಟ್ಟಿಗೆಗೆ ಹಾಕಿದರೆ ಬೇರೆಯೇ ಗಡಿಯಾರದಂತೆ ಕೇಳುವುದು ಇದರಿಂದ.

ಆದ್ದರಿಂದ ಬ್ಲಾಕು ಮರಕ್ಕೆ ಕೂರುವ ಆ ಅಂಗೈಯಗಲದ ಜಾಗಕ್ಕೆ ನಿನ್ನ ದಿನದ ಬಹುಪಾಲು ಕೊಡು. ಬಿಚ್ಚಿದಾಗ ಅಡಿಯಲ್ಲಿ ಏನಿದೆ ನೋಡು. ಯಾರೋ ಪೆಟ್ಟಿಗೆಗೆ ವಾರ್ನಿಷ್ ಬಳಿಯುವಾಗ ಅಲ್ಲಿಗೂ ಎರಡು ಕೈ ಬಳಿದಿರುತ್ತಾರೆ, ಮೇಲೆ ಧೂಳು ಕೂತು ಮೆತ್ತೆಯಾಗಿರುತ್ತದೆ. ಅದನ್ನು ಉಳಿಯಿಂದ ಹೆರೆದು ಬರಿಯ ಮರ ಕಾಣಿಸು. ಬ್ಲಾಕಿನ ಅಡಿಯನ್ನು ಗಾಜಿನ ಮೇಲಿಟ್ಟು ಅಲುಗಾಡಿಸು. ಒಂದು ಮೂಲೆ ಎದ್ದು ಕುಣಿದರೆ ಅರ ಹಾಕಿ ಸಮ ಮಾಡು. ಸಪ್ಪಳ ಬಾರದಿರಲಿ ಎಂದು ಕೆಲವರು ನಡುವೆ ರಬ್ಬರ್ ವಾಷರ್ ಇಟ್ಟಿರುತ್ತಾರೆ. ಅದನ್ನು ಕಿತ್ತು ಹಾಕು. ಬ್ಲಾಕಿನಿಂದ ಮರಕ್ಕೆ ಇಳಿಯಬೇಕಾದ ಕಂಪನವನ್ನು ಅಷ್ಟೂ ನುಂಗುವುದು ಆ ರಬ್ಬರೇ.

ಇನ್ನು ಸ್ಕ್ರೂ. ನಿಮ್ಮ ದುರ್ಗದ ಸೀಮೆ ಮಳೆ ಕಡಿಮೆಯ ಒಣ ಸೀಮೆ. ಬೇಸಿಗೆಯಲ್ಲಿ ಹಲಗೆ ಒಣಗಿ ಕುಗ್ಗುತ್ತದೆ, ಸ್ಕ್ರೂವಿನ ಹಿಡಿತ ಸಡಿಲುತ್ತದೆ. ಬ್ಲಾಕು ಕೈಗೆ ಅಲುಗಾಡದಿದ್ದರೂ ದನಿಗೆ ಅಷ್ಟು ಸಡಿಲ ಸಾಕು. ಸ್ಕ್ರೂ ಬಿಗಿಯುವಾಗ ಸುಮ್ಮನೆ ತಿರುಗುತ್ತಿದ್ದರೆ ರಂಧ್ರ ಸವೆದಿದೆ ಎಂದರ್ಥ. ಬೆಂಕಿಕಡ್ಡಿ ತುರುಕುವ ಕೆಲಸ ಬೇಡ. ರಂಧ್ರವನ್ನು ಸ್ವಲ್ಪ ಅಗಲಿಸಿ, ತೇಗದ ಗೂಟ ಕೆತ್ತಿ ಮರದ ಅಂಟು ಹಚ್ಚಿ ಬಡಿದು, ಒಂದು ರಾತ್ರಿ ಬಿಟ್ಟು, ಸಣ್ಣ ರಂಧ್ರ ಕೊರೆದು ಹೊಸದಾಗಿ ಸ್ಕ್ರೂ ಹಾಕು. ಹಿಂಬದಿ ಕಾಣುವುದಿಲ್ಲ ಎಂದಾದರೆ ಆರುಪಾರು ಬೋಲ್ಟು, ಹಿಂದೆ ಅಗಲದ ವಾಷರ್ ಇನ್ನೂ ಒಳ್ಳೆಯದು. ಎರಡು ಸ್ಕ್ರೂ ಇದ್ದರೆ ಒಂದನ್ನೇ ಕೊನೆಯವರೆಗೆ ಬಿಗಿಯಬೇಡ, ಇದಕ್ಕೊಂದು ಸುತ್ತು ಅದಕ್ಕೊಂದು ಸುತ್ತು ಕೊಡುತ್ತಾ ಹೋಗು. ಪ್ರತಿ ಸುತ್ತಿಗೂ ಗಾಂಗನ್ನು ತಟ್ಟಿ ಕೇಳು. ದನಿ ಬಿಚ್ಚಿಕೊಳ್ಳುವ ಗಳಿಗೆ ಕಿವಿಗೇ ಗೊತ್ತಾಗುತ್ತದೆ.

ಹಿಂಬದಿ ಹಲಗೆಯೇ ಬದಲಾಗಿದೆಯೇ ಎಂದೂ ನೋಡು. ಗೆದ್ದಲು ತಿಂದ ಹಲಗೆ ತೆಗೆದು ಮರದಪುಡಿಯ ಶೀಟು ಹೊಡೆದ ಗಡಿಯಾರಗಳು ನನ್ನಲ್ಲಿಗೆ ಬರುತ್ತಲೇ ಇರುತ್ತವೆ. ಆ ಶೀಟಿಗೆ ದನಿಯಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೇ ತಿಳಿಯುತ್ತದೆ. ಒಣಗಿದ ಹಳೇ ಪೈನ್ ಹಲಗೆ ಸಿಕ್ಕರೆ ಅದಕ್ಕಿಂತ ಮೇಲಿಲ್ಲ. ಹಗುರ, ಎಳೆ ನೇರ, ಬೇಗ ನಡುಗುತ್ತದೆ. ತೇಗವೂ ಆದೀತು, ದಪ್ಪ ಮಾತ್ರ ಕಡಿಮೆ ಇರಲಿ.

ಒಂದು ವಿಷಯವನ್ನು ಮನೆಯವರಿಗೂ ತಿಳಿಸಿ ಹೇಳು. ಸುತ್ತಿಗೆ ಕೊಟ್ಟ ಪೆಟ್ಟು ಇಂತಿಷ್ಟೇ. ಹಲಗೆ ಅದನ್ನು ಬೇಗ ಎಳೆದುಕೊಂಡರೆ ದನಿ ದೊಡ್ಡದಾಗುತ್ತದೆ, ಬೇಗ ಮುಗಿಯುತ್ತದೆ. ಬ್ಲಾಕು ಭಾರವಾಗಿದ್ದು ನಿಧಾನವಾಗಿ ಬಿಟ್ಟುಕೊಟ್ಟರೆ ದನಿ ಸಣ್ಣದು, ಆದರೆ ಬಹಳ ಹೊತ್ತು ಉಳಿಯುತ್ತದೆ. ದೊಡ್ಡದೂ ಬೇಕು, ಉದ್ದವೂ ಬೇಕು ಎಂದರೆ ಯಾರಿಂದಲೂ ಆಗದು. ನನ್ನ ಕೇಳಿದರೆ ಉದ್ದದ ಕಡೆಗೇ ಒಂದು ಕೈ ಹೆಚ್ಚು ಕೊಡು. ಮನೆಯ ಗಡಿಯಾರ ಬೀದಿಗೆ ಕೇಳಬೇಕಿಲ್ಲ.

ಈಗ ಸುತ್ತಿಗೆ. ಗಂಟೆಯ ಜೊತೆಗೆ ಅರ್ಧ ಗಂಟೆಗೊಂದು ಪೆಟ್ಟು ಹೊಡೆಯುವ ಗಡಿಯಾರ ದಿನಕ್ಕೆ 180 ಸಲ ಬಡಿಯುತ್ತದೆ, ವರ್ಷಕ್ಕೆ 65,700 ಸಲ, ಸುತ್ತಿಗೆಯ ಮೂತಿಗೆ ಕೂರಿಸಿದ ಚರ್ಮದ ಅದೇ ಜಾಗದಲ್ಲಿ. ಚರ್ಮ ಒತ್ತಿ ಒತ್ತಿ ಕಲ್ಲಾಗುತ್ತದೆ, ಆಗ ಮೇಲಿನ ಕರ್ಕಶ ಸ್ವರಗಳೆಲ್ಲ ಎದ್ದು ಬರುತ್ತವೆ. ಸೂಜಿಯಿಂದ ಮೂತಿಗೆ ನಾಲ್ಕಾರು ಕಡೆ ಚುಚ್ಚಿ ನೋಡು, ಎಷ್ಟೋ ಸಲ ಅಷ್ಟರಲ್ಲೇ ದನಿ ಹದಕ್ಕೆ ಬರುತ್ತದೆ. ಬಾರದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಅಟ್ಟೆಯ ಚರ್ಮದ ಚೂರು ಕೇಳಿ ತಂದು, ಮೂತಿಯನ್ನು ಸ್ವಲ್ಪ ದುಂಡಗೆ ಕೆತ್ತಿ ಕೂರಿಸು. ಮೆತ್ತಗಾಗಲಿ ಎಂದು ಎಣ್ಣೆ ಹಾಕಬೇಡ. ಧೂಳು ಹಿಡಿಯುತ್ತದೆ, ಎಣ್ಣೆ ಗಾಂಗಿಗೂ ಅಂಟುತ್ತದೆ. ತೀರಾ ಮೆತ್ತನೆಯ ಫೆಲ್ಟ್ ಹಾಕಿದರೆ ಬರೀ "ದುಬ್" ಅನ್ನುತ್ತದೆ.

ಬಡಿದ ಮೇಲೆ ಸುತ್ತಿಗೆ ಗಾಂಗಿಗೆ ಒರಗಿ ನಿಲ್ಲಬಾರದು. ಸುಮ್ಮನಿದ್ದಾಗ ನಡುವೆ ಒಂದೂವರೆ, ಎರಡು ಮಿ.ಮೀ. ಸಂದು ಇರಬೇಕು. ಪೆಟ್ಟು ಅದರ ತೂಕದ ಓಟದಲ್ಲೇ ಮುಟ್ಟಿ ತಕ್ಷಣ ಹಿಂದೆ ಬರಬೇಕು. ಸಂದು ಕಡಿಮೆಯಾದರೆ ಜುಂಯ್ ಎಂದು ಎರಡು ಸಲ ತಾಕುತ್ತದೆ, ಹೆಚ್ಚಾದರೆ ಪೆಟ್ಟು ಸೊರಗುತ್ತದೆ. ಇದನ್ನು ಸರಿಮಾಡಲು ಸುತ್ತಿಗೆಯ ತಂತಿಯನ್ನು ಬಗ್ಗಿಸು. ಗಾಂಗನ್ನು ಯಾವ ಕಾರಣಕ್ಕೂ ಬಗ್ಗಿಸಬೇಡ. ಕಡ್ಡಿ ಗಾಂಗಿನ ಬುಡವನ್ನು ಬೇಕೆಂದೇ ಸಣ್ಣಗೆ ಮಾಡಿರುತ್ತಾರೆ, ಅಲ್ಲೇ ಪಟಕ್ಕನೆ ಮುರಿಯುತ್ತದೆ. ಪೆಟ್ಟು ಬೀಳುವ ಜಾಗವೂ ಬುಡದ ಹತ್ತಿರವೇ ಇರಲಿ, ಬ್ಲಾಕಿನಿಂದ ಎರಡು ಮೂರು ಸೆಂ.ಮೀ. ದೂರದಿಂದ ಶುರುಮಾಡಿ ಕೂದಲಷ್ಟು ಆಚೀಚೆ ಸರಿಸುತ್ತಾ ಕಿವಿ ಒಪ್ಪುವ ಕಡೆ ನಿಲ್ಲಿಸು. ಗಂಟೆ ಮುಗಿದು ಮಷೀನು ನಿಂತಾಗ ಸುತ್ತಿಗೆಯ ಬಾಲ ಚಕ್ರದ ಪಿನ್ನಿನ ಮೇಲೆ ಅರ್ಧ ಎತ್ತಿಕೊಂಡು ನಿಂತಿಲ್ಲ ತಾನೇ ಎಂದೂ ನೋಡಿಕೋ. ನಿಂತಿದ್ದರೆ ಮುಂದಿನ ಗಂಟೆ ಎಳೆದುಕೊಂಡು ಶುರುವಾಗುತ್ತದೆ.

ಸುತ್ತಿಗೆ ಭಾರ ಮಾಡುವ ನಿನ್ನ ಯೋಚನೆಯ ಬಗ್ಗೆ: ಲಂಡನ್ನಿನ ಬಿಗ್ ಬೆನ್ ಗಂಟೆ 1859ರ ಜುಲೈಯಲ್ಲಿ ಬಾರಿಸಲು ಶುರುವಾಗಿ ಅದೇ ಸೆಪ್ಟೆಂಬರಿನಲ್ಲಿ ಬಿರುಕು ಬಿಟ್ಟಿತು. ಸುತ್ತಿಗೆ ಅತಿ ಭಾರವಾಗಿತ್ತು. ವರ್ಷಗಟ್ಟಲೆ ಅದು ಮೂಕವಾಗಿದ್ದ ಮೇಲೆ, ರಾಜಖಗೋಳಜ್ಞ ಜಾರ್ಜ್ ಏರಿಯ ಸಲಹೆಯಂತೆ ಗಂಟೆಯನ್ನು ಸ್ವಲ್ಪ ತಿರುಗಿಸಿ, ಪೆಟ್ಟು ಬೇರೆ ಜಾಗಕ್ಕೆ ಬೀಳುವಂತೆ ಮಾಡಿ, ಹಗುರ ಸುತ್ತಿಗೆ ಹಾಕಿದರು. ಇವತ್ತಿಗೂ ಅದೇ ಬಿರುಕಿನ ಗಂಟೆ ಬಾರಿಸುತ್ತಿದೆ. ಹದಿಮೂರು ಟನ್ನಿಗೂ ಮಿಕ್ಕ ಗಂಟೆಯೇ ಭಾರದ ಸುತ್ತಿಗೆ ತಾಳಲಿಲ್ಲ. ನಿನ್ನ ಗಡಿಯಾರದಲ್ಲಾದರೆ ಗಾಂಗಿಗೂ ಏಟು, ಅದನ್ನು ಎತ್ತುವ ಸ್ಪ್ರಿಂಗಿಗೂ ಹೊರೆ.

ಗಾಂಗಿನ ತುಕ್ಕಿಗೆ ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿದರೆ ಸಾಕು. ಕಾಯಿಸಬೇಡ. ಸುರುಳಿಯ ಆ ನೀಲಿ ಬಣ್ಣ 300 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಉಕ್ಕಿಗೆ ಹದ ಕೊಟ್ಟಾಗ ಬಂದದ್ದು. ಕೆಂಪಗೆ ಕಾಯಿಸಿದರೆ ಹದವೂ ಹೋಯಿತು, ದನಿಯೂ ಹೋಯಿತು. ಸುರುಳಿಯ ಸುತ್ತುಗಳು ಒಂದಕ್ಕೊಂದು ತಾಗುತ್ತಿದ್ದರೆ, ಪೆಟ್ಟಿಗೆಗೋ ಪೆಂಡುಲಂಗೋ ತಾಗುತ್ತಿದ್ದರೆ ಬ್ಲಾಕನ್ನೇ ಕೊಂಚ ಸರಿಸಿ ಬಿಡಿಸು. ಸ್ವರ ಏರಿಸಲೆಂದು ಕಡ್ಡಿಯ ತುದಿಗೆ ಅರ ಹಾಕುವ ಆಸೆಯೂ ಬೇಡ. ಉದ್ದ ನೂರರಲ್ಲಿ ಒಂದು ಪಾಲು ಕಡಿಮೆಯಾದರೆ ಸ್ವರ ಎರಡು ಪಾಲು ಏರುತ್ತದೆ. 30 ಸೆಂ.ಮೀ. ಕಡ್ಡಿಯಲ್ಲಿ 9 ಮಿ.ಮೀ. ಹೋದರೆ ಅರ್ಧ ಸ್ವರವೇ ಜಿಗಿಯಿತು. ಎರಡು ಕಡ್ಡಿ ಜೋಡಿಯಾಗಿ ಹೊಡೆಯುವ ಗಡಿಯಾರವಾದರೆ ಜೋಡಿ ಶಾಶ್ವತವಾಗಿ ಕೆಟ್ಟಂತೆ.

ಗುಂಯ್‌ಗುಡುವಿಕೆ ಉಳಿದಿದ್ದರೆ ಬಾಗಿಲ ಗಾಜು, ಡಯಲ್ಲಿನ ಸುತ್ತುಪಟ್ಟಿ, ಪೆಟ್ಟಿಗೆಯೊಳಗೆ ಬಿಟ್ಟ ಕೀ, ಇವನ್ನು ಒಂದೊಂದಾಗಿ ಬೆರಳಿಂದ ಒತ್ತಿ ನೋಡು. ಒತ್ತಿದಾಗ ಯಾವುದು ಸುಮ್ಮನಾಗುತ್ತದೋ ಅದೇ ಕಳ್ಳ.

ಗಡಿಯಾರ ವಾಪಸ್ ಕೊಡುವಾಗ ನೀನೇ ಹೋಗಿ ಗೋಡೆಗೆ ಹಾಕಿ ಬಾ. ಕಡ್ಡಿ ಗಾಂಗಾದರೆ ಸಾಗಿಸುವ ಮುನ್ನ ಕಡ್ಡಿಗಳ ನಡುವೆ ಬಟ್ಟೆ ತುರುಕು, ಆಟೋದ ಕುಲುಕಾಟಕ್ಕೆ ಬುಡ ಮುರಿದೀತು. ಕೋಟೆಯ ಕೆಳಗಿನ ಹಳೇ ಮನೆಗಳದ್ದು ಕಲ್ಲುಗೋಡೆ. ಹಿಂಬದಿ ಹಲಗೆ ಪೂರಾ ಕಲ್ಲಿಗೆ ಅಂಟಿಕೊಂಡರೆ ನೀನು ಮಾಡಿದ ಕೆಲಸವೆಲ್ಲ ಅರ್ಧಕ್ಕರ್ಧ ಅಡಗಿಹೋಗುತ್ತದೆ. ಕೆಳಗಿನ ಎರಡು ಮೂಲೆಗೆ ಬಿರಡೆಯ ಸಣ್ಣ ಚೂರು ಅಂಟಿಸಿ ಹಲಗೆಗೆ ಸ್ವಲ್ಪ ಗಾಳಿ ಬಿಡು.

ಆ ಮನೆಯವರು "ರಗಳೆ ಯಾಕೆ, ಒಳಗೆ ಸೆಲ್ಲಿನ ಮಷೀನು ಹಾಕಿಬಿಡಿ" ಎಂದಾರು. ಹಾಕಬೇಡ. ಅಂಥ ಕೆಲಸಕ್ಕೆ ಬೇರೆ ಅಂಗಡಿಗಳಿವೆ. ನೀನು ಈ ಕೆಲಸ ಕಲಿಯುತ್ತೇನೆ ಎಂದು ಹಠ ಹಿಡಿದಾಗ ಮನೆಯಲ್ಲಿ ನಿನ್ನ ಪರ ಮಾತಾಡಿದವನು ನಾನು. ಇಂಥ ಗಡಿಯಾರಗಳ ದನಿಯನ್ನು ನೀನು ಉಳಿಸುತ್ತೀಯ ಎಂಬ ನಂಬಿಕೆಯಿಂದಲೇ ಮಾತಾಡಿದ್ದು.

ಹಿಂಬದಿ ಹಲಗೆಯ ಉದ್ದ, ಅಗಲ, ದಪ್ಪ ಅಳೆದು ಕೂಡಲೇ ಬರೆ. ಮಂಡಿಪೇಟೆಯ ಒಂದು ಹಳೇ ಮನೆ ಕೆಡವುವಾಗ ಸಿಕ್ಕ ಪೈನ್ ಹಲಗೆಗಳನ್ನು ನಾನು ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ. ಅಳತೆಗೆ ಕೊಯ್ಸಿ ಬಸ್ಸಿನಲ್ಲಿ ಕಳಿಸುತ್ತೇನೆ. ಬ್ಲಾಕಿನ ಸ್ಕ್ರೂ ರಂಧ್ರಗಳನ್ನು ಕಾಗದದ ಮೇಲೆ ಒತ್ತಿ ಗುರುತು ಹಾಕಿ ಅದನ್ನೂ ಇಡು, ಇಲ್ಲಿಂದಲೇ ಕೊರೆಸಿ ಕಳಿಸಲು ಬರುತ್ತದೆ.

ಇಂತಿ ನಿನ್ನ
ದೊಡ್ಡಪ್ಪ