ಸಂಕ ದಾಟಿ ಬಂದ ಪೋಸ್ಟಣ್ಣನಿಗೆ

2018ರ ಮೇ 22ರಿಂದ ಗ್ರಾಮೀಣ ಅಂಚೆ ಸೇವಕರು 16 ದಿನ ಮುಷ್ಕರ ಮಾಡಿದ್ದರು. ತೀರ್ಥಹಳ್ಳಿ ಬಸ್ಸಿನಲ್ಲಿ ಎಲ್ಲರೂ ಬೈಯುತ್ತಿದ್ದರು. ನಾನೂ ಬೈದಿದ್ದೆ. ಅಮ್ಮನ ಪಿಂಚಣಿ ಮನಿಯಾರ್ಡರ್ ಬಂದಿರಲಿಲ್ಲ, ಅದೇ ಸಿಟ್ಟು.

ಮುಷ್ಕರ ಮುಗಿದ ಮೇಲೆ ಒಂದು ಸಂಜೆ, ಜಡಿಮಳೆಯಲ್ಲಿ, ಕಾಲುಸಂಕ ದಾಟಿ ನೀವು ಬಂದಿರಿ. ನಮ್ಮ ಮಾಮೂಲಿ ಪೋಸ್ಟಣ್ಣನ ಬದಲಿಗೆ. ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿತ್ತು, ನೀವು ಮಾತ್ರ ಪೂರ್ತಿ ಒದ್ದೆ. ದುಡ್ಡು ಎಣಿಸಿಕೊಟ್ಟು, 'ತಡ ಆಯ್ತು, ಬೇಜಾರು ಮಾಡ್ಕಬೇಡಿ ಅಮ್ಮ' ಅಂದಿರಿ.

ಕಾಫಿ ಕುಡಿಯುವಾಗ ನಿಮ್ಮ ಕೆಲಸದ ಬಗ್ಗೆ ನಾನೇ ಕೇಳಿದೆ. ಕಾಗದದಲ್ಲಿ ದಿನಕ್ಕೆ 5 ಗಂಟೆ ಕೆಲಸ, ಇಲಾಖೆಯ ಕಾಯಂ ನೌಕರರ ಹಾಗೆ ಪಿಂಚಣಿ ಇಲ್ಲ ಅಂದಿರಿ. ಊರಿಗೆಲ್ಲ ಪಿಂಚಣಿ ತಲುಪಿಸುವವರಿಗೇ ಇಲ್ಲ! ಇದು ನ್ಯಾಯ ಅಲ್ಲ.

ನಿಮ್ಮ ಹೆಸರೂ ಕೇಳಲಿಲ್ಲ. ಮಳೆ ಹಿಡಿದಾಗೆಲ್ಲ ಅಮ್ಮ ನಿಮ್ಮನ್ನು ನೆನಪಿಸಿಕೊಳ್ಳುತ್ತಾರೆ. ತುಂಬಾ ಧನ್ಯವಾದ ಅಣ್ಣ.