ಹೊರಡುವ ಮುನ್ನ ಉಳಿದ ಆರು ವಾರ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಮೆರಿಕದ ಆರ್ಮಿ ರಿಸರ್ವ್, ಅಂದರೆ ಅರೆಕಾಲಿಕ ಮೀಸಲು ಸೇನೆಯ ನಿನ್ನ ಘಟಕಕ್ಕೆ ಸಕ್ರಿಯ ಸೇವೆಯ ಆದೇಶ ಬಂದಿರುವುದನ್ನು ನಿನ್ನ ಅಪ್ಪ ಫೋನಿನಲ್ಲಿ ತಿಳಿಸಿದ. ಹೊರಡುವುದರೊಳಗೆ ಸೆಮಿಸ್ಟರ್ ಮುಗಿಸಲೇಬೇಕೆಂದು ನೀನು ಹಗಲಿರುಳು ಓದುತ್ತಿರುವುದೂ, ಅಷ್ಟರೊಳಗೆ ಮದುವೆಯನ್ನೂ ಮುಗಿಸಿಬಿಡೋಣವೆಂದು ಎರಡೂ ಮನೆಯವರು ಅವಸರಪಡುತ್ತಿರುವುದೂ ಅವನ ಮಾತಿನಿಂದಲೇ ತಿಳಿಯಿತು. ಕೈಯಲ್ಲಿರುವ ಆರು ವಾರಗಳನ್ನು ನೀನು ಕಾಯಬಲ್ಲ ಕೆಲಸಕ್ಕೆ ಸುರಿದು, ಕಾಯಲಾರದ ಕೆಲಸವನ್ನು ಹಿಂದಕ್ಕೆ ಹಾಕುತ್ತಿದ್ದೀಯೆ ಎಂದು ನನಗೆ ತೋರುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ಕಾಲೇಜಿನ ಮಾತು. ವಿಶ್ವವಿದ್ಯಾಲಯವೊಂದರ ದಾಖಲೆ ವಿಭಾಗದಲ್ಲಿ ಬಹಳ ವರ್ಷ ಕೂತವನು ನಾನು. ಕರೆ ಬಂದ ಹುಡುಗರು ಯಾರಿಗೂ ಏನೂ ತಿಳಿಸದೆ ಹೊರಟುಹೋಗಿ, ಮರಳಿದಾಗ ಅಂಕಪಟ್ಟಿಯ ತುಂಬ ಎಫ್ ಗ್ರೇಡ್ ಕಂಡು ಕಂಗಾಲಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಅವರ ಪರವಾಗಿ ಕಾನೂನೇನೋ ಇತ್ತು, ಆದರೆ ಅದಕ್ಕೆ ಬೇಕಾದ ಒಂದು ಹಾಳೆಯ ಕಾಗದ ಇರಲಿಲ್ಲ. 2008ರಲ್ಲಿ ಅಮೆರಿಕದ ಕಾಂಗ್ರೆಸ್ ಮಾಡಿದ ಉನ್ನತ ಶಿಕ್ಷಣ ಅವಕಾಶ ಕಾಯ್ದೆಯ ಪ್ರಕಾರ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಯೋಜನೆಗಳಲ್ಲಿ ಸೇರಿರುವ ಯಾವುದೇ ಕಾಲೇಜು, 30 ದಿನಗಳಿಗಿಂತ ಹೆಚ್ಚು ಕಾಲ ಸೇನಾ ಸೇವೆಗೆ ಹೋದ ವಿದ್ಯಾರ್ಥಿಯನ್ನು ಅವನು ಬಿಟ್ಟುಹೋದ ಹಂತಕ್ಕೇ ಮತ್ತೆ ಸೇರಿಸಿಕೊಳ್ಳಬೇಕು. ನೀನು ಮುಂಚಿತವಾಗಿ ತಿಳಿಸಿರಬೇಕು, ಇಂಥ ಗೈರುಹಾಜರಿ ಒಟ್ಟು ಐದು ವರ್ಷ ಮೀರಿರಬಾರದು, ಸೇವೆ ಮುಗಿದ ಮೂರು ವರ್ಷಗಳೊಳಗೆ ಮರಳುವ ಇಚ್ಛೆಯನ್ನು ತಿಳಿಸಬೇಕು, ಅಷ್ಟೆ. ಬಾಯಿಮಾತಿನಲ್ಲಿ ತಿಳಿಸಿದರೂ ನಡೆಯುತ್ತದೆಂದು ನಿಯಮದಲ್ಲಿದ್ದರೂ ನೀನು ಬರವಣಿಗೆಯಲ್ಲೇ ತಿಳಿಸು, ಆದೇಶದ ಪ್ರತಿಯನ್ನು ಲಗತ್ತಿಸು, ತಲುಪಿತೆಂಬ ಉತ್ತರವನ್ನು ತೆಗೆದಿಡು. ಪರೀಕ್ಷೆಯ ಹತ್ತಿರ ಬಂದಿರುವ ಒಂದೆರಡು ವಿಷಯಗಳಿದ್ದರೆ ಆಯಾ ಅಧ್ಯಾಪಕರ ಒಪ್ಪಿಗೆ ಪಡೆದು ಮುಗಿಸು; ಉಳಿದವುಗಳಿಂದ ಕ್ರಮಬದ್ಧವಾಗಿ ಹಿಂದೆ ಸರಿಯುವುದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಂದು ಲೆಕ್ಕವೂ ನಿನಗೆ ಗೊತ್ತಿರಲಿ. ತರಬೇತಿಯ ಅವಧಿಯನ್ನು ಬಿಟ್ಟು, ಆರು ತಿಂಗಳಿಂದ ಹದಿನೆಂಟು ತಿಂಗಳೊಳಗಿನ ಸಕ್ರಿಯ ಸೇವೆ ನಿನ್ನ ಹೆಸರಿಗೆ ಸೇರಿದರೆ ಸೈನಿಕರ ಓದಿನ ಖರ್ಚಿಗೆ ಸರ್ಕಾರ ನೆರವಾಗುವ 9/11 ನಂತರದ ಜಿಐ ಬಿಲ್ ಎಂಬ ಯೋಜನೆಯಡಿ ಶೇಕಡಾ 60ರಷ್ಟು ಸೌಲಭ್ಯಕ್ಕೆ ನೀನು ಅರ್ಹನಾಗುತ್ತೀಯೆ. ಈಗ ಸಾಲ ಮಾಡಿ ಓದುತ್ತಿರುವ ಓದನ್ನೇ ಮುಂದೆ ಕಡಿಮೆ ಸಾಲದಲ್ಲಿ ಓದಬಹುದು. ಬಾಡಿಗೆ ಮನೆಯ ಕರಾರನ್ನು ಆದೇಶದ ಪ್ರತಿ ಕೊಟ್ಟು ಮುರಿಯಲೂ, ಹಳೆಯ ಸಾಲಗಳ ಬಡ್ಡಿಯನ್ನು ಶೇಕಡಾ 6ಕ್ಕೆ ಇಳಿಸಿಕೊಳ್ಳಲೂ 2003ರ ಸೈನಿಕರ ನಾಗರಿಕ ಪರಿಹಾರ ಕಾಯ್ದೆಯಿದೆ. ಇವೆಲ್ಲ ಒಂದೆರಡು ದಿನದ ಕೆಲಸ.

ಹೀಗೆ ಕಾಲೇಜಿಗೂ ಮನೆಗೂ ಸಾಲಕ್ಕೂ ಕಾನೂನು ಕಾವಲಿದೆ. ಆ ಹುಡುಗಿಗೂ ನಿನಗೂ ನಡುವೆ ಇರುವುದಕ್ಕೆ ಅಂಥ ಕಾವಲಿಲ್ಲ. ಆದರೂ ನಿನ್ನ ಸಂಜೆಗಳೆಲ್ಲ ಪುಸ್ತಕದ ಮುಂದೆ ಕಳೆಯುತ್ತಿವೆ, ಮದುವೆಯ ಮಾತನ್ನು ಎರಡೂ ಮನೆಯ ಹಿರಿಯರು ನಿಮ್ಮಿಬ್ಬರನ್ನು ಬಿಟ್ಟು ಆಡುತ್ತಿದ್ದಾರೆ.

ಈಗಲೇ ಮದುವೆಯಾದರೆ ಸಿಗುವುದೇನೆಂಬುದನ್ನು ಮುಚ್ಚಿಡುವುದಿಲ್ಲ. ನಿನ್ನನ್ನು 30 ದಿನಗಳಿಗಿಂತ ಹೆಚ್ಚು ಕಾಲ ಸಕ್ರಿಯ ಸೇವೆಗೆ ಕರೆದಾಗ ಹೆಂಡತಿಗೆ ಟ್ರೈಕೇರ್ ಎಂಬ ಸೇನೆಯ ಆರೋಗ್ಯ ರಕ್ಷಣೆ ದೊರೆಯುತ್ತದೆ, ವಸತಿ ಭತ್ಯೆ ಹೆಚ್ಚುತ್ತದೆ. ನಿಶ್ಚಿತಾರ್ಥವಾದ ಹುಡುಗಿಗೆ ಇವೆರಡೂ ಇಲ್ಲ. ಇದಕ್ಕಿಂತ ದೊಡ್ಡದು ಇನ್ನೊಂದಿದೆ: ನಿನಗೇನಾದರೂ ಆದರೆ, ಬರೆಯಲು ಕೈ ಹಿಂಜರಿಯುತ್ತದೆ, ಸೇನೆ ಮೊದಲು ಸುದ್ದಿ ಮುಟ್ಟಿಸುವುದು ಹೆಂಡತಿಗೆ; ಮದುವೆಯಾಗದಿದ್ದರೆ ಅವಳು ಅದನ್ನು ನಿನ್ನ ಅಮ್ಮನ ಬಾಯಿಂದ ಕೇಳಬೇಕಾಗುತ್ತದೆ. ಆದರೆ ಭತ್ಯೆಗಾಗಿ ಮದುವೆಯಾಗುವುದು ಬೇಡ. ಸೈನಿಕರ ಗುಂಪು ಜೀವವಿಮೆಯ ಮೊತ್ತ 2023ರ ಮಾರ್ಚಿನಿಂದ ಗರಿಷ್ಠ 5 ಲಕ್ಷ ಡಾಲರ್. ಅದಕ್ಕೆ ಯಾರನ್ನು ಬೇಕಾದರೂ ನಾಮನಿರ್ದೇಶನ ಮಾಡಬಹುದು, ಹೆಂಡತಿಯೇ ಆಗಬೇಕೆಂದಿಲ್ಲ. ಅವಳ ಬಗ್ಗೆ ಕಾಳಜಿ ತೋರಲು ಮದುವೆಯೊಂದೇ ದಾರಿಯಲ್ಲವೆಂದು ಹೇಳಲು ಇದನ್ನು ಬರೆದೆ.

ಆದೇಶ ಬರುವ ಮೊದಲೇ ನೀವಿಬ್ಬರೂ ಮದುವೆಯಾಗುವುದೆಂದು ತೀರ್ಮಾನಿಸಿದ್ದಿರೇ? ಹೌದಾದರೆ ಈಗಲೇ ನೋಂದಣಿ ಮಾಡಿಕೊಳ್ಳಿ. ಕೆಲವು ರಾಜ್ಯಗಳಲ್ಲಿ ಮದುವೆಯ ಲೈಸನ್ಸ್ ಪಡೆಯಲು ಒಂದೆರಡು ದಿನ ಕಾಯಬೇಕಾಗುವುದರಿಂದ ಕಡೆಯ ವಾರಕ್ಕೆ ಬಿಡಬೇಡಿ, ಸಮಾರಂಭವನ್ನು ನೀನು ಬಂದ ಮೇಲೆ ಇಟ್ಟುಕೊಳ್ಳೋಣ. ಆದೇಶ ಬಂದ ಮೇಲೆ ಹುಟ್ಟಿದ ಅವಸರವಾಗಿದ್ದರೆ ನಿಶ್ಚಿತಾರ್ಥಕ್ಕೇ ನಿಲ್ಲಿಸಿ. ಅಪ್ಪ ಅಮ್ಮನಿಗೆ ಏನು ಹೇಳಬೇಕೋ ನಾನು ಹೇಳುತ್ತೇನೆ. ನಿನ್ನ ಅಪ್ಪ ಚಿಕ್ಕಂದಿನಿಂದಲೂ ಮೊದಲು ಸಿಟ್ಟಾಗಿ ಆಮೇಲೆ ಒಪ್ಪುವವನು.

ಅವಳೊಂದಿಗೆ ಆಡಲೇಬೇಕಾದ ಮಾತುಗಳು ಕೆಲವಿವೆ. ಮೀಸಲು ಪಡೆಯ ಒಂದು ಭಾಗವನ್ನು ಸೇವೆಗೆ ಸಜ್ಜುಗೊಳಿಸುವ ಆದೇಶವಿದ್ದಾಗ ರಿಸರ್ವ್ ಸೈನಿಕನನ್ನು ಸತತ 24 ತಿಂಗಳವರೆಗೂ ಇಟ್ಟುಕೊಳ್ಳಬಹುದೆಂಬುದು ಅವಳಿಗೆ ಗೊತ್ತಿದೆಯೇ? ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ಎಂಬ ಹಳೆಯ ಲೆಕ್ಕವನ್ನೇ ಅವಳಿನ್ನೂ ನಂಬಿರಬಹುದು. ಫೋನು ವಾರಗಟ್ಟಲೆ ಬಾರದಿದ್ದರೆ ಅವಳು ಯಾರನ್ನು ಕೇಳಬೇಕು, ನೀನು ಮತ್ತೆ ಓದಿಗೆ ಕೂತಾಗ ಮನೆಯ ಖರ್ಚು ಯಾರು ನೋಡುವುದು, ಅವಳ ಓದು ಅಥವಾ ಕೆಲಸ ಬೇರೆ ಊರಿಗೆ ಎಳೆದರೆ ಏನು ಮಾಡುವುದು, ಇವನ್ನೆಲ್ಲ ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡ. ಅವಳು ಅಳುತ್ತಾಳೆಂದು ಹೆದರಿ ತೇಲಿಸಿ ಮಾತನಾಡಲೂ ಬೇಡ.

ಆದೇಶದ ಪ್ರತಿಯನ್ನೂ ಕಾಲೇಜಿಗೆ ಬರೆಯುವ ಪತ್ರದ ಕರಡನ್ನೂ ನನಗೆ ಕಳುಹಿಸು, ತಿದ್ದಿ ಕೊಡುತ್ತೇನೆ. ಅವಳೊಂದಿಗೆ ಮಾತಾದ ಮೇಲೆ, ಅದಕ್ಕೆ ಮೊದಲಲ್ಲ, ನನಗೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ